ಮಕ್ಕಳು ಬೆರಳಿಟ್ಟು ತೋರಿಸಿದ ಜಾಗದಿಂದ ಶಾಲೆಯ ಬಜೆಟ್: ಎಸ್‌ಡಿಎಂಸಿಗೆ ಜೂನ್‌ನಿಂದ ಮಾರ್ಚ್‌ವರೆಗಿನ ಮಾರ್ಗದರ್ಶಿ

2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಎಂಬ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಚಾವಣಿ ಕುಸಿದು 7 ಮಕ್ಕಳು ತೀರಿಕೊಂಡರು. ಕುಸಿಯುವ ಮೊದಲೇ ಮೇಲಿಂದ ಹರಳು ಉದುರುತ್ತಿವೆ ಎಂದು ಮಕ್ಕಳು ಹೇಳಿದ್ದರೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ನಮ್ಮಲ್ಲೂ ಗೆದ್ದಲು ಹಿಡಿದ ಹೆಂಚಿನ ಮಾಡು, ಮಳೆಗಾಲದಲ್ಲಿ ಸೋರುವ ಆರ್‌ಸಿಸಿ ಕೊಠಡಿ ಇರುವ ಶಾಲೆಗಳಿಗೆ ಕೊರತೆಯಿಲ್ಲ. ಗೋಡೆಯ ಬಿರುಕು ಎಂಜಿನಿಯರ್‌ಗಿಂತ ಮೊದಲು ಕಾಣುವುದು ಅದರ ಪಕ್ಕದಲ್ಲಿ ದಿನವೂ ಕೂರುವ ಮಗುವಿಗೆ.

ಆ ಮಗು ಹೇಳಿದ್ದು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ನಡಾವಳಿ ಪುಸ್ತಕಕ್ಕೆ ಬರಬೇಕು. ಅಲ್ಲಿಂದ, ಹಣ ಯಾರ ಕೈಲಿದೆಯೋ ಆ ಕಚೇರಿಗೆ ಸಮಯಕ್ಕೆ ಸರಿಯಾಗಿ ತಲುಪಬೇಕು. ಬಹಳಷ್ಟು ಶಾಲೆಗಳಲ್ಲಿ ಎರಡೂ ಬೇರೆಬೇರೆಯಾಗಿಯೇ ನಡೆದುಹೋಗುತ್ತವೆ. ಮಕ್ಕಳ ಮಾತು ನವೆಂಬರ್‌ನ ಕಾರ್ಯಕ್ರಮಕ್ಕೆ ಮುಗಿಯುತ್ತದೆ, ಹಣದ ಲೆಕ್ಕ ಮಾರ್ಚ್ ಕೊನೆಯ ವಾರದಲ್ಲಿ ಓಡೋಡಿ ಮುಗಿಯುತ್ತದೆ. ಎರಡನ್ನೂ ಒಂದೇ ದಾರಕ್ಕೆ ಪೋಣಿಸುವ ಕ್ರಮ ಇಲ್ಲಿದೆ. ಇದು ಸರ್ಕಾರಿ ಪ್ರಾಥಮಿಕ ಮತ್ತು ಹಿರಿಯ ಪ್ರಾಥಮಿಕ ಶಾಲೆಗಳ ಪೋಷಕ ಸದಸ್ಯರು, ಮುಖ್ಯ ಶಿಕ್ಷಕರು ಮತ್ತು ಸಿಆರ್‌ಪಿಗಳಿಗಾಗಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು).

ಅಧಿಕಾರ ಎಲ್ಲಿಂದ ಬರುತ್ತದೆ

ಎಸ್‌ಡಿಎಂಸಿ ಎಂದರೆ ಆಗಸ್ಟ್ 15ರಂದು ಬಾವುಟ ಹಾರಿಸುವ ಸಮಿತಿಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. 22ನೇ ಸೆಕ್ಷನ್ ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಹೊಣೆಯನ್ನು ಇದೇ ಸಮಿತಿಗೆ ಕೊಟ್ಟಿದೆ, ಮತ್ತು ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರ ಎಂದು ಹೇಳಿದೆ. ಯೋಜನೆಯೇ ಇಲ್ಲದ ಶಾಲೆ ‘ನಮಗೆ ಏನೂ ಕೊಡಲಿಲ್ಲ’ ಎಂದು ದೂರಿದರೆ, ಆ ದೂರಿಗೆ ಕಾಗದದ ಬಲವಿರುವುದಿಲ್ಲ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಕಾಯ್ದೆಯಡಿ ಕೇಂದ್ರ ಹೊರಡಿಸಿದ ಮಾದರಿ ನಿಯಮಗಳಲ್ಲಿ, ಪೋಷಕರಲ್ಲದ ಕಾಲು ಭಾಗ ಸದಸ್ಯರ ಪೈಕಿ ಮೂರನೇ ಒಂದು ಪಾಲನ್ನು ಸ್ಥಳೀಯ ಶಿಕ್ಷಣ ತಜ್ಞರಿಂದ ಅಥವಾ ಶಾಲೆಯ ಮಕ್ಕಳಿಂದಲೇ ತುಂಬಬಹುದು. ಸಭೆಯಲ್ಲಿ ಮಗುವಿಗೆ ಕುರ್ಚಿ ಕೊಡುವುದು ಯಾರದೋ ಔದಾರ್ಯವಲ್ಲ. ಮಕ್ಕಳೇ ಆರಿಸಿದ ಶಾಲಾ ಸಂಸತ್ತಿನ ಮುಖ್ಯಮಂತ್ರಿಯನ್ನೂ ಆರೋಗ್ಯ ಮಂತ್ರಿಯನ್ನೂ ಪ್ರತಿ ತಿಂಗಳ ಸಭೆಯ ಮೊದಲ ಅರ್ಧ ಗಂಟೆಗೆ ಕರೆಯಿರಿ. ಮೊದಲ ಅರ್ಧ ಗಂಟೆ ಎಂದೇಕೆ ಹೇಳುತ್ತೇವೆಂದರೆ, ಕೊನೆಗೆ ಇಟ್ಟರೆ ಅಷ್ಟರಲ್ಲಿ ಕೂಲಿಗೆ ಹೋಗಬೇಕಾದ ತಾಯಂದಿರು ಎದ್ದು ಹೋಗಿರುತ್ತಾರೆ, ಮಕ್ಕಳ ಮಾತು ಕೇಳಲು ಉಳಿಯುವುದು ಅಧ್ಯಕ್ಷರು ಮತ್ತು ಎಚ್.ಎಂ. (ಮುಖ್ಯ ಶಿಕ್ಷಕರು) ಇಬ್ಬರೇ.

ಜೂನ್: ಮಕ್ಕಳ ಜೊತೆ ಶಾಲೆ ಸುತ್ತುವುದು

ಬೇಕಾದ ಸಾಮಾನು ಇಷ್ಟೇ: ಎರಡು ದೊಡ್ಡ ಕಂದು ಹಾಳೆ, ಸ್ಕೆಚ್ ಪೆನ್ನು, ಕೆಂಪು ಮತ್ತು ಹಳದಿ ಬಿಂದಿ ಪ್ಯಾಕೆಟ್, ಒಂದು ಟೇಪು, ಫೋಟೊ ತೆಗೆಯಲು ಫೋನು. 4ರಿಂದ 7ನೇ ತರಗತಿಯ ಮಕ್ಕಳನ್ನು ಐದಾರು ಜನರ ಗುಂಪು ಮಾಡಿ. ಗುಂಪಿನ ನಾಯಕತ್ವ ಸದಾ ಜಾಣ ವಿದ್ಯಾರ್ಥಿಗೇ ಹೋಗದಂತೆ ನೋಡಿಕೊಳ್ಳಿ. ಅಂಗವಿಕಲ ಮಗು ಇದ್ದರೆ ಆ ಮಗುವಿನ ಗುಂಪು ಮೊದಲು ನಡೆಯಲಿ, ಏಕೆಂದರೆ ಉಳಿದವರು ಹಾರಿ ದಾಟುವ ಮೆಟ್ಟಿಲು ಅಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. 1ರಿಂದ 3ರ ಮಕ್ಕಳಿಗೆ ಚಿತ್ರ ಬರೆಯಲು ಹೇಳಿ. ಶೌಚಾಲಯದ ವಿಚಾರದಲ್ಲಿ ಹೆಣ್ಣುಮಕ್ಕಳ ಗುಂಪಿನ ಜೊತೆ ಶಿಕ್ಷಕಿ ಅಥವಾ ತಾಯಿ ಸದಸ್ಯೆ ಮಾತ್ರ ಹೋಗಲಿ. ಇಡೀ ಸುತ್ತಿಗೆ 40 ನಿಮಿಷ ಸಾಕು.

ಕೇಳುವ ಪ್ರಶ್ನೆಯ ಮೇಲೆ ಎಲ್ಲವೂ ನಿಂತಿದೆ. ‘ನಿಮಗೇನು ಬೇಕು?’ ಎಂದರೆ ಕಂಪ್ಯೂಟರ್, ಸ್ಮಾರ್ಟ್ ಟಿವಿ, ಜಾರುಬಂಡಿ ಎನ್ನುತ್ತಾರೆ. ಅದು ತಪ್ಪಲ್ಲ, ಆದರೆ ಅಪಾಯ ಅದರಲ್ಲಿ ಬರುವುದಿಲ್ಲ. ಹೀಗೆ ಕೇಳಿ: ಯಾವ ಜಾಗಕ್ಕೆ ಒಬ್ಬರೇ ಹೋಗಲು ಹೆದರಿಕೆ? ಕಳೆದ ವರ್ಷ ಯಾರು ಎಲ್ಲಿ ಬಿದ್ದರು? ಮಳೆ ಬಂದಾಗ ಯಾವ ಬೆಂಚು ಸರಿಸುತ್ತೀರಿ? ಮೂತ್ರ ಬಂದರೆ ಎಲ್ಲಿಗೆ ಹೋಗುತ್ತೀರಿ? ಬೆಳಿಗ್ಗೆಯಿಂದ ಎಷ್ಟು ಸಲ ನೀರು ಕುಡಿದಿರಿ? ಈ ಕೊನೆಯ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರ ಸಿಗುವ ಶಾಲೆಗಳು ಬಹಳ. ಚಿಲಕವಿಲ್ಲದ ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಅಲ್ಲಿ ಮೊದಲು ಬೇಕಾದದ್ದು ನೀರಿನ ಫಿಲ್ಟರ್ ಅಲ್ಲ, ಒಂದು ಚಿಲಕ ಮತ್ತು ಬಕೆಟ್ಟಿಗೆ ನೀರು.

ಶಾಲೆಯ ನಕ್ಷೆಯನ್ನು ಮಕ್ಕಳೇ ಹಾಳೆಯ ಮೇಲೆ ಬರೆಯಲಿ. ಹೆದರಿಕೆಯ ಜಾಗಕ್ಕೆ ಕೆಂಪು ಬಿಂದಿ, ತೊಂದರೆಯ ಜಾಗಕ್ಕೆ ಹಳದಿ. ಒಂದೇ ಕಡೆ ಕೆಂಪು ಒತ್ತಾಗಿ ಬಿದ್ದರೆ ಆ ಜಾಗವನ್ನು ದೊಡ್ಡವರು ಅಂದೇ ಹೋಗಿ ನೋಡಬೇಕು. ಇಲ್ಲಿ ಶಿಕ್ಷಕರು ಮಾಡುವ ತಪ್ಪು ಒಂದೇ: ‘ಅಲ್ಲೇನಿಲ್ಲ ಬಿಡು’ ಎಂದು ಸಮಾಧಾನ ಹೇಳುವುದು. ಹಾಗೆಂದ ಕ್ಷಣ ಮಿಕ್ಕ ಮಕ್ಕಳೂ ಬಿಂದಿ ಅಂಟಿಸುವುದನ್ನು ನಿಲ್ಲಿಸುತ್ತಾರೆ.

ಸಲಹಾ ಪೆಟ್ಟಿಗೆ ಖಾಲಿ ಉಳಿಯುವುದೇಕೆ

ಪೆಟ್ಟಿಗೆಯನ್ನು ಎಚ್.ಎಂ. ಕೊಠಡಿಯ ಬಾಗಿಲಲ್ಲಿ ನೇತುಹಾಕಿರುತ್ತಾರೆ, ಬೀಗದ ಕೈ ಅವರ ಮೇಜಿನಲ್ಲೇ ಇರುತ್ತದೆ. ಚೀಟಿ ಹಾಕಲು ಹೋದ ಮಗುವನ್ನು ಎಲ್ಲರೂ ನೋಡುತ್ತಾರೆ, ಅಕ್ಷರ ನೋಡಿದರೆ ಯಾರೆಂದು ಗೊತ್ತಾಗುತ್ತದೆ. ಆಮೇಲೆ ‘ಮಕ್ಕಳಿಂದ ಯಾವ ದೂರೂ ಇಲ್ಲ’ ಎಂಬ ವರದಿ ಹೋಗುತ್ತದೆ.

ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಪ್ರತಿ ಶನಿವಾರ ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಚೀಟಿ ಕೊಡಿ. ಹೇಳುವುದಿದ್ದವರು ಬರೆಯಲಿ, ಇಲ್ಲದವರು ಒಂದು ಹೂವಿನ ಚಿತ್ರ ಬರೆದು ಹಾಕಲಿ, ಹಾಕುವುದು ಮಾತ್ರ ಎಲ್ಲರೂ. ಆಗ ಯಾವ ಮಗುವೂ ಒಂಟಿಯಾಗಿ ಕಾಣುವುದಿಲ್ಲ. ಬೀಗದ ಕೈ ಶಾಲೆಯ ಸಿಬ್ಬಂದಿಯಲ್ಲದ ಒಬ್ಬ ತಾಯಿ ಸದಸ್ಯೆಯ ಬಳಿ ಇರಲಿ. ತೆರೆಯುವಾಗ ಇಬ್ಬರಿರಲಿ, 15 ದಿನಕ್ಕೊಮ್ಮೆ. ಬಂದದ್ದನ್ನು ಒಂದು ಪುಸ್ತಕದಲ್ಲಿ ಹೆಸರಿಲ್ಲದೆ ಬರೆದು, ಏನು ಮಾಡಿದೆವು, ಮಾಡಲಾಗದಿದ್ದರೆ ಯಾಕೆ ಎಂದು ಸೂಚನಾ ಫಲಕದಲ್ಲಿ ಹಾಕಿ. ‘ಈ ವರ್ಷ ಹಣ ಬಂದಿಲ್ಲ, ಪಂಚಾಯಿತಿಗೆ ಬರೆದಿದ್ದೇವೆ’ ಎಂಬ ಒಂದು ಸಾಲೂ ಉತ್ತರವೇ. ಉತ್ತರ ಬಾರದ ಪೆಟ್ಟಿಗೆಗೆ ಮೂರನೇ ತಿಂಗಳಿಂದ ಹೂವಿನ ಚಿತ್ರ ಮಾತ್ರ ಬೀಳುತ್ತವೆ.

ಒಂದು ಬಗೆಯ ಚೀಟಿ ಮಾತ್ರ ಈ ಪುಸ್ತಕಕ್ಕೂ ಬರಬಾರದು, ಸಭೆಯಲ್ಲೂ ಓದಬಾರದು. ಲೈಂಗಿಕ ಕಿರುಕುಳದ ಸುಳಿವಿದ್ದರೆ, ಅನುಮಾನದ ಮಟ್ಟದಲ್ಲಿದ್ದರೂ, 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಶಿಕ್ಷೆಯಿದೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ಮಗುವನ್ನು ಮತ್ತೆಮತ್ತೆ ಕರೆದು ವಿಚಾರಿಸಬೇಡಿ, ಅದು ತನಿಖಾಧಿಕಾರಿಯ ಕೆಲಸ. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112. ಊರ ಹಿರಿಯರನ್ನು ಕೂರಿಸಿ ರಾಜಿ ಪಂಚಾಯ್ತಿ ಮಾಡಿಸುವುದು ಮಗುವಿಗೆ ಮಾಡುವ ಎರಡನೇ ಅನ್ಯಾಯ, ಕಾನೂನಿನ ಮುಂದೆಯೂ ಅದು ನಿಲ್ಲುವುದಿಲ್ಲ. ಮಗುವಿನ ಗುರುತು ಹೊರಬೀಳುವಂತೆ ಯಾರಲ್ಲೂ ಆಡಬಾರದು. ಹೊಡೆತದ ದೂರು ಬೇರೆ ದಾರಿಯದು: ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಅದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಬರಹದಲ್ಲೇ ಕೊಡಿ.

ಜುಲೈ: ಕೆಂಪು ಬಿಂದಿಗಳನ್ನು ಪರೀಕ್ಷಿಸುವುದು

ಮೊದಲು ಚಾವಣಿ. ಹೆಂಚಿನ ಮಾಡಾದರೆ ಪಕಾಸು, ರೀಪುಗಳು (ಹೆಂಚು ಹೊರುವ ಮರದ ತೊಲೆ, ಪಟ್ಟಿಗಳು) ಗೋಡೆಯ ಮೇಲೆ ಕೂರುವ ತುದಿಯನ್ನು ನೋಡಿ. ಗೆದ್ದಲೂ ನೀರೂ ಮೊದಲು ತಿನ್ನುವುದು ಆ ತುದಿಯನ್ನೇ. ಆರ್‌ಸಿಸಿಯಾದರೆ ತಳದಲ್ಲಿ ಕಂದು ಗೆರೆ ಇದೆಯೇ ನೋಡಿ, ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ ಎಂದರ್ಥ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಕೆಳಕ್ಕೆ ತಳ್ಳುತ್ತದೆ. ಕೆಳಗೆ ನೇರವಾಗಿ ನಿಲ್ಲದೆ, ಪಕ್ಕದಿಂದ ಉದ್ದನೆಯ ಕೋಲಿನಲ್ಲಿ ಮೆಲ್ಲಗೆ ತಟ್ಟಿ. ಪೊಳ್ಳು ಸದ್ದು ಬಂದರೆ ಆ ಭಾಗ ಯಾವಾಗ ಬೇಕಾದರೂ ಕಳಚಬಹುದು. ಕಿಟಕಿಯ ಮೇಲಿನ ಸಜ್ಜಾ ಮರೆಯಬೇಡಿ, ಮಕ್ಕಳು ಊಟಕ್ಕೆ ಕೂರುವುದು ಅದರ ನೆರಳಲ್ಲೇ.

ಗೋಡೆಯ ಬಿರುಕಿನಲ್ಲಿ ಒಂದು ರೂಪಾಯಿ ನಾಣ್ಯ ಅಂಚಿನಿಂದ ತೂರಿದರೆ ಅದು ಎಂಜಿನಿಯರ್ ನೋಡಬೇಕಾದ ಬಿರುಕು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡು ಬದಿಗೂ ಸಿಮೆಂಟಿನಿಂದ ಅಂಟಿಸಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗಾಡುತ್ತಿದೆ. ಬಿರುಕಿಗೆ ಸುಣ್ಣ ಬಳಿದು, ಪುಟ್ಟಿ ತುಂಬಿ ಮುಚ್ಚುವುದು ಇರುವ ಒಂದೇ ಸಾಕ್ಷಿಯನ್ನು ಅಳಿಸಿದ ಹಾಗೆ. ಸ್ವಾತಂತ್ರ್ಯ ದಿನಾಚರಣೆಗೆಂದು ಮುಂಗೋಡೆಗೆ ಬಣ್ಣ ಹೊಡೆಸುವ ಆತುರದಲ್ಲಿ ಇದು ಪ್ರತಿ ವರ್ಷ ನಡೆಯುತ್ತದೆ.

ಶಿಥಿಲ ಕೊಠಡಿಗೆ ಬೀಗ ಹಾಕಿದರೆ ಸಾಲದು. ಬೀಗ ಬಿದ್ದ ಕೊಠಡಿಯ ಜಗಲಿಯಲ್ಲೇ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾರೆ. ಗೋಡೆಯ ಎತ್ತರದಷ್ಟು ದೂರಕ್ಕೆ ಸುತ್ತಲೂ ಬೇಲಿ ಹಾಕಿ, ನೆಲಸಮಕ್ಕೆ ಅರ್ಜಿ ಕೊಡಿ. ತರಗತಿ ನಡೆಸಲು ಜಾಗವಿಲ್ಲದಿದ್ದರೆ ಸಮುದಾಯ ಭವನವನ್ನೋ ದೇವಸ್ಥಾನದ ಪಡಸಾಲೆಯನ್ನೋ ಕೇಳಿ, ಆ ತೀರ್ಮಾನವನ್ನು ನಡಾವಳಿಯಲ್ಲಿ ಬರೆಯಿರಿ.

ಅಡುಗೆ ಕೋಣೆಯಲ್ಲಿ ಮೂರು ಕಡೆ ಕಣ್ಣಿಡಬೇಕು. ಸಿಲಿಂಡರ್‌ನ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು, ಪೈಪಿನ ಮೇಲೇ ಇಸವಿ ಅಚ್ಚಾಗಿರುತ್ತದೆ. ಸಾಂಬಾರಿನ ದೊಡ್ಡ ಪಾತ್ರೆ ಮಕ್ಕಳ ಸಾಲು ಹಾದುಹೋಗುವ ದಾರಿಯಲ್ಲಿ ನೆಲದ ಮೇಲಿರಬಾರದು. ಸಣ್ಣ ಬಕೆಟ್ಟಿಗೆ ತೆಗೆದು ದೊಡ್ಡವರೇ ಬಡಿಸಲಿ, ದೊಡ್ಡ ಪಾತ್ರೆ ಮುಚ್ಚಳ ಹಾಕಿ ಒಳಗೇ ಉಳಿಯಲಿ. ಮೂರನೆಯದು ದಾಸ್ತಾನು: 2013ರಲ್ಲಿ ಬಿಹಾರದ ಛಪ್ರಾ ಬಳಿ ಬಿಸಿಯೂಟ ಉಂಡು 23 ಮಕ್ಕಳು ಸತ್ತದ್ದು ಅಡುಗೆಗೆ ಕೀಟನಾಶಕ ಬೆರೆತದ್ದರಿಂದ. ಫಿನಾಯಿಲ್, ಇಲಿ ಪಾಷಾಣ, ಕೈತೋಟದ ಔಷಧಿ ಯಾವುದೂ ಅಡುಗೆ ಕೋಣೆಯಲ್ಲಿ ಇರಕೂಡದು, ಔಷಧಿಯ ಖಾಲಿ ಡಬ್ಬಿಯಲ್ಲಿ ಎಣ್ಣೆ ತರಕೂಡದು. ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಒಬ್ಬ ಪೋಷಕರೂ ರುಚಿ ನೋಡಿ ಸಹಿ ಹಾಕುವ ಪುಸ್ತಕವನ್ನು ಊಟ ಮುಗಿದ ಮೇಲೆ ತುಂಬಿಸಿದರೆ ಅದರಿಂದ ಏನೂ ಉಪಯೋಗವಿಲ್ಲ.

ನೀರಿನ ತೊಟ್ಟಿಯನ್ನು ತೊಳೆದ ಮೇಲೆ 1,000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಸುಮಾರು 2.5 ಗ್ರಾಂ ಸಾಕು. ಬೇರೆ ಬಕೆಟ್ಟಿನಲ್ಲಿ ಕಲಸಿ, ಗಸಿ ಇಳಿದ ಮೇಲೆ ತಿಳಿನೀರನ್ನು ಮಾತ್ರ ತೊಟ್ಟಿಗೆ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ತೆರೆದಿಟ್ಟ ಚೀಲದ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ.

ಬೆಂಕಿಯ ವಿಷಯ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಸುಟ್ಟುಹೋದದ್ದು ಅಡುಗೆ ಮನೆಯ ಕಿಡಿ ಗರಿಯ ಚಪ್ಪರಕ್ಕೆ ಹತ್ತಿ. ಬಿಸಿಲಿಗೆಂದು ತರಗತಿಯ ಬಳಿ ಕಟ್ಟಿದ ಗರಿಯ ಚಪ್ಪರ ಒಲೆಯ ಹತ್ತಿರವಿದ್ದರೆ ಇಂದೇ ಬಿಚ್ಚಿಸಿ. ಅಗ್ನಿಶಾಮಕದ (ಬೆಂಕಿ ಆರಿಸುವ ಸಿಲಿಂಡರಿನ) ಒತ್ತಡದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡುವ ಕೆಲಸವನ್ನು 7ನೇ ತರಗತಿಯ ಇಬ್ಬರಿಗೆ ವಹಿಸಿ, ಅವರು ಮರೆಯುವುದಿಲ್ಲ.

ಆಗಸ್ಟ್: ಯಾವ ಕೆಲಸಕ್ಕೆ ಯಾರ ಹಣ

ಇಲ್ಲಿಯೇ ಹೆಚ್ಚಿನ ಸಮಿತಿಗಳು ಎಡವುವುದು. ಎಲ್ಲವನ್ನೂ ಶಾಲಾ ಅನುದಾನದಲ್ಲೇ ಮಾಡಲು ಹೋಗಿ ಏನನ್ನೂ ಪೂರ್ತಿ ಮಾಡುವುದಿಲ್ಲ.

ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನ ದಾಖಲಾತಿಯ ಮೇಲೆ ನಿಂತಿದೆ. 30 ಮಕ್ಕಳವರೆಗೆ ₹10,000, 100ರವರೆಗೆ ₹25,000, 250ರವರೆಗೆ ₹50,000, 1,000ದವರೆಗೆ ₹75,000, ಅದರ ಮೇಲೆ ₹1 ಲಕ್ಷ. ಇದರಲ್ಲಿ ಕನಿಷ್ಠ ಶೇ 10 ಭಾಗ ಸ್ವಚ್ಛತೆಗೆ ಮೀಸಲು. 86 ಮಕ್ಕಳ ಶಾಲೆ ಎಂದಿಟ್ಟುಕೊಳ್ಳಿ. ₹25,000ದಲ್ಲಿ ₹2,500 ಸ್ವಚ್ಛತೆಗೆ ಹೋಯಿತು. ಉಳಿದ ₹22,500 ತಿಂಗಳಿಗೆ ಹಂಚಿದರೆ ಎರಡು ಸಾವಿರವೂ ಇಲ್ಲ. ಇದು ಚಿಲಕ, ನಲ್ಲಿ, ಸ್ವಿಚ್ಚು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅಗ್ನಿಶಾಮಕದ ಮರುಭರ್ತಿ, ಸೀಮೆಸುಣ್ಣ, ದಾಖಲೆ ಪುಸ್ತಕ ಇಷ್ಟಕ್ಕೇ. ಮುಂಗೋಡೆಯ ಬಣ್ಣಕ್ಕೆ ಇದನ್ನು ಮುಗಿಸಿದರೆ ವರ್ಷವಿಡೀ ಚಿಲಕವಿಲ್ಲದೆ ಕಳೆಯಬೇಕು. ಕೆಂಪು ಬಿಂದಿಗಳಲ್ಲಿ ₹1,000ದೊಳಗೆ ಮುಗಿಯುವುದನ್ನೆಲ್ಲ ಮೊದಲ ತಿಂಗಳೇ ಮಾಡಿಬಿಡಿ. ತಾವು ಹೇಳಿದ್ದು ಆಯಿತೆಂದು ಕಂಡ ಮಕ್ಕಳು ಮುಂದಿನ ಸಲ ಇನ್ನೂ ಗಂಭೀರವಾದದ್ದನ್ನು ಹೇಳುತ್ತಾರೆ.

ಶೌಚಾಲಯ, ಕುಡಿಯುವ ನೀರು, ಚರಂಡಿ, ಕಸ, ಗೇಟಿನ ಮುಂದಿನ ದೀಪ ಇವೆಲ್ಲ ಗ್ರಾಮ ಪಂಚಾಯಿತಿಗೆ ಬರೆಯಬೇಕಾದವು. ಹಣಕಾಸು ಆಯೋಗದ ಅನುದಾನದಲ್ಲಿ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಟ್ಟ ಪಾಲು ಪಂಚಾಯಿತಿಗೆ ಬರುತ್ತದೆ. ಕೊಠಡಿ ನೆಲಸಮ, ಮರುನಿರ್ಮಾಣ ಇಲಾಖೆಯ ಕೆಲಸ, ಬಿಇಒ ಮೂಲಕ ಹೋಗಬೇಕು. ಮಳೆಗೆ ಬಿದ್ದದ್ದಾದರೆ ಬಿದ್ದ ವಾರದಲ್ಲೇ ಫೋಟೊ ಸಹಿತ ತಹಶೀಲ್ದಾರರಿಗೂ ಒಂದು ಪ್ರತಿ ಕೊಡಿ, ವಿಪತ್ತು ಪರಿಹಾರದ ಪಟ್ಟಿ ಆಗಲೇ ತಯಾರಾಗುವುದು. ಬೀದರ್‌ನಿಂದ ಬಳ್ಳಾರಿವರೆಗಿನ ಜಿಲ್ಲೆಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದಾರಿ ಹೆಚ್ಚುವರಿಯಾಗಿ ಇದೆ. ಆಟದ ಮೈದಾನದ ಮೇಲೆ ಹಾದ ತಂತಿಗೆ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಹೀಗೆ ನಿಮ್ಮ ವಿದ್ಯುತ್ ಕಂಪನಿಯ ಸೆಕ್ಷನ್ ಕಚೇರಿ.

ಅರ್ಜಿಯಲ್ಲಿ ‘ಶಾಲೆ ಶಿಥಿಲವಾಗಿದ್ದು ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರಿಕೆ’ ಎಂದಷ್ಟೇ ಬರೆದರೆ ಅದು ಕಡತದಲ್ಲೇ ಮಲಗುತ್ತದೆ. ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ (ದೇಶದ ಶಾಲೆಗಳ ಮಾಹಿತಿ ದಾಖಲೆಯಲ್ಲಿ ನಿಮ್ಮ ಶಾಲೆಯ ಗುರುತು ಸಂಖ್ಯೆ), ಕೊಠಡಿ ಸಂಖ್ಯೆ ಮತ್ತು ಅಳತೆ, ಅಲ್ಲಿ ಕೂರುವ ಮಕ್ಕಳ ಸಂಖ್ಯೆ, ತಾರೀಖು ಇರುವ ಫೋಟೊ, ಎಸ್‌ಡಿಎಂಸಿ ನಿರ್ಣಯದ ಸಂಖ್ಯೆ ಮತ್ತು ದಿನಾಂಕ, ಸದ್ಯಕ್ಕೆ ನೀವು ಕೈಗೊಂಡ ಕ್ರಮ ಇವಿಷ್ಟೂ ಒಂದೇ ಪುಟದಲ್ಲಿರಲಿ. ಮಕ್ಕಳು ಬರೆದ ನಕ್ಷೆಯ ಜೆರಾಕ್ಸ್ ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಪಡೆಯದೆ ಕಚೇರಿಯಿಂದ ಹೊರಡಬೇಡಿ.

ದಾನಿಗಳ ಬಗ್ಗೆ ಎರಡು ಮಾತು. ಹಳೆಯ ವಿದ್ಯಾರ್ಥಿಗಳು ಕೊಡುವುದನ್ನು ರಸೀದಿ ಕೊಟ್ಟು, ಬ್ಯಾಂಕ್ ಖಾತೆಗೇ ಪಡೆಯಿರಿ. ಪೋಷಕರಿಂದ ತಿಂಗಳ ವಂತಿಗೆ ಎತ್ತುವ ಯೋಚನೆ ಬೇಡ. ತಿಂಗಳಿಗೆ ₹100 ದೇಣಿಗೆ ಪಡೆಯಬಹುದೆಂದು 2022ರ ಅಕ್ಟೋಬರ್‌ನಲ್ಲಿ ಹೊರಟ ಸುತ್ತೋಲೆಯನ್ನು ವಿರೋಧ ಬಂದ ಕೂಡಲೇ ಹಿಂಪಡೆಯಲಾಯಿತು. ಸ್ವಇಚ್ಛೆ ಎಂದು ಬರೆದರೂ, ಕೊಡಲಾಗದ ಮನೆಯ ಮಗು ತರಗತಿಯಲ್ಲಿ ತಲೆ ತಗ್ಗಿಸುತ್ತದೆ.

ಸೆಪ್ಟೆಂಬರ್‌ನಿಂದ ಡಿಸೆಂಬರ್: ತಪ್ಪಿಸಬಾರದ ದಿನಗಳು

ಯುಡೈಸ್ ದಾಖಲೆಗೆ ಸೆಪ್ಟೆಂಬರ್ 30ರ ಸ್ಥಿತಿಯೇ ಆಧಾರ. ಅಂದು ಕೆಟ್ಟು ನಿಂತಿರುವ ಶೌಚಾಲಯವನ್ನು ‘ಇದೆ, ಬಳಕೆಯಲ್ಲಿದೆ’ ಎಂದು ತುಂಬಿಸಿದರೆ, ಹೊಸದು ಬೇಕೆಂಬ ನಿಮ್ಮ ಅರ್ಜಿಯನ್ನು ನಿಮ್ಮದೇ ಅಂಕಿಅಂಶ ತಳ್ಳಿಹಾಕುತ್ತದೆ. ಶಾಲೆಗೆ ಕೆಟ್ಟ ಹೆಸರು ಬರುತ್ತದೆಂಬ ಅಂಜಿಕೆಯಿಂದ ಹೀಗೆ ತುಂಬಿಸುವುದುಂಟು. ನಮೂನೆಯನ್ನು ಕಳಿಸುವ ಮುನ್ನ ಎಸ್‌ಡಿಎಂಸಿ ಸಭೆಯಲ್ಲಿ ಓದಿಸಿ.

ಪಂಚಾಯಿತಿಯ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯ ತಯಾರಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ನಿಮ್ಮ ಪಟ್ಟಿ ಅಷ್ಟರೊಳಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಮೇಜಿನ ಮೇಲಿರಬೇಕು. ನವೆಂಬರ್‌ನ ಸುಮಾರಿಗೆ ಮಕ್ಕಳ ಗ್ರಾಮಸಭೆ ಬರುತ್ತದೆ. ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದುಡಿಯುವ ಮಕ್ಕಳ ಸಂಘಟನೆಯಿಂದ ಬೆಳೆದ ಈ ಪದ್ಧತಿ ಈಗ ರಾಜ್ಯದ ಎಲ್ಲ ಪಂಚಾಯಿತಿಗಳದ್ದು. ಅದನ್ನು ಭಾಷಣ, ನೃತ್ಯ, ಚಾಕೊಲೇಟಿಗೆ ಮುಗಿಸಲು ಬಿಡಬೇಡಿ. ನಿಮ್ಮ ಶಾಲೆಯಿಂದ ಮೂವರು ಮಕ್ಕಳು, ಮೂರೇ ಬೇಡಿಕೆ, ಕೈಯಲ್ಲಿ ಬಿಂದಿಯ ನಕ್ಷೆ. ಶಿಕ್ಷಕರು ಬರೆದುಕೊಟ್ಟದ್ದನ್ನು ಬಾಯಿಪಾಠ ಒಪ್ಪಿಸುವುದು ಬೇಡ, ಮಕ್ಕಳು ತಮ್ಮ ಊರ ಮಾತಿನಲ್ಲೇ ಹೇಳಲಿ. ಪ್ರತಿ ಬೇಡಿಕೆಗೂ ‘ಯಾರು, ಯಾವಾಗ’ ಎಂಬುದು ನಡಾವಳಿಗೆ ಬಂದಿದೆಯೇ ಎಂದು ಅಲ್ಲೇ ನೋಡಿಕೊಂಡು, ಪ್ರತಿ ಕೇಳಿ. ಕಳೆದ ವರ್ಷದ ಬೇಡಿಕೆಗಳ ವರದಿಯನ್ನು ಮೊದಲು ಓದಿಸುವಂತೆ ಮಕ್ಕಳೇ ಕೇಳಿದರೆ ಪಂಚಾಯಿತಿ ಸದಸ್ಯರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಡಿಸೆಂಬರ್ ಕೊನೆಯೊಳಗೆ ಶಾಲಾ ಅಭಿವೃದ್ಧಿ ಯೋಜನೆ ಸಿದ್ಧವಾಗಲಿ, ಅಂದರೆ ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳಿರುವಾಗ. ಮಾದರಿ ನಿಯಮದಂತೆ ಅದು ಮೂರು ವರ್ಷದ್ದು, ಒಳಗೆ ಮೂರು ವಾರ್ಷಿಕ ಯೋಜನೆ. ತರಗತಿವಾರು ದಾಖಲಾತಿ ಅಂದಾಜು, ಬೇಕಾಗುವ ಶಿಕ್ಷಕರು, ಕಟ್ಟಡ ಮತ್ತು ಸಾಮಗ್ರಿ, ಹಣ. ಶಿಕ್ಷಕರ ಲೆಕ್ಕಕ್ಕೆ ಕಾಯ್ದೆಯ ಅನುಸೂಚಿ ನೋಡಿ: 1ರಿಂದ 5ರಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು.

ಶಾಲೆಯನ್ನೇ ಬದಲಿಸುವ ಪ್ರಸ್ತಾಪ ಬಂದಾಗ

ನಿಮ್ಮ ಶಾಲೆಯನ್ನು ಕರ್ನಾಟಕ ಪಬ್ಲಿಕ್ ಶಾಲೆಗೆ (ಎಲ್‌ಕೆಜಿಯಿಂದ ಪಿಯುಸಿವರೆಗಿನ ಸರ್ಕಾರಿ ಶಾಲೆ) ವಿಲೀನಗೊಳಿಸುವುದು, ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯುವುದು, ಎಲ್‌ಕೆಜಿ ಶುರುಮಾಡುವುದು ಇಂಥ ಪ್ರಸ್ತಾಪಗಳು ಈಗ ಪ್ರತಿ ಬ್ಲಾಕಿನಲ್ಲೂ ಕೇಳಿಬರುತ್ತಿವೆ. ಬೇಕು–ಬೇಡ ಎಂದು ಊರು ಎರಡು ಪಾಲಾಗುವ ಮುನ್ನ ಒಂದು ದಿನ ಕೆಲಸ ಮಾಡಿ. ಅತಿ ದೂರದ ಮನೆಯ ಮಗುವಿನ ಜೊತೆ ಹೊಸ ಶಾಲೆಯವರೆಗೆ, ಬೆನ್ನಿಗೆ ಚೀಲ ಹಾಕಿಸಿ, ಗಡಿಯಾರ ಹಿಡಿದು ನಡೆಯಿರಿ. ಹಳ್ಳ, ಹೆದ್ದಾರಿ, ನಾಯಿ, ಮದ್ಯದ ಅಂಗಡಿ ಎಲ್ಲ ಬರೆದುಕೊಳ್ಳಿ. ಕಿರಿಯ ಪ್ರಾಥಮಿಕಕ್ಕೆ 1 ಕಿ.ಮೀ., ಹಿರಿಯ ಪ್ರಾಥಮಿಕಕ್ಕೆ 3 ಕಿ.ಮೀ. ಮೀರಿದರೆ ವಾಹನದ ವ್ಯವಸ್ಥೆ ಬರಹದಲ್ಲಿ ಬರುವವರೆಗೆ ಒಪ್ಪಿಗೆಯ ನಿರ್ಣಯ ಬರೆಯಬೇಡಿ. ಸಮಗ್ರ ಶಿಕ್ಷಣದಲ್ಲಿ ಸಾರಿಗೆ ಭತ್ಯೆಗೆ ಮಗುವಿಗೆ ವರ್ಷಕ್ಕೆ ಗರಿಷ್ಠ ₹6,000ದ ಅವಕಾಶವಿದೆ. ಇಂಗ್ಲಿಷ್ ವಿಭಾಗದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೆಚ್ಚುವರಿ ಶಿಕ್ಷಕರು ಬರುತ್ತಾರೆಯೇ? ಇರುವ ಇಬ್ಬರೇ ಎರಡೂ ಮಾಧ್ಯಮ ನೋಡುವುದಾದರೆ ಎರಡೂ ಕಡೆಯ ಮಕ್ಕಳಿಗೆ ಅರ್ಧ ಪಾಠ.

ಜನವರಿಯಿಂದ ಮಾರ್ಚ್: ಹಣ ಬಂದ ಮೇಲೆ

ಅನುದಾನ ತಡವಾಗಿ ಬರುವುದು ಮಾಮೂಲು. ಹಾಗಾಗಿ ದರಪಟ್ಟಿಗಳನ್ನು ಮೊದಲೇ ತರಿಸಿ, ನಿರ್ಣಯ ಮಾಡಿ ಇಟ್ಟುಕೊಂಡಿರಿ. ಸರ್ಕಾರಿ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯಾದ ಪಿಎಫ್‌ಎಂಎಸ್‌ನಲ್ಲಿ ಪಾವತಿ ಆದೇಶ ಮುದ್ರಿಸಿ ಬ್ಯಾಂಕಿಗೆ ಕೊಡಬೇಕಾದ ಕಡೆ, ಮಾರ್ಚ್ 25ರ ನಂತರ ಸರ್ವರೂ ಬ್ಯಾಂಕೂ ಒಟ್ಟಿಗೇ ನಿಧಾನವಾಗುತ್ತವೆ. ಅಂಗಡಿಯವರ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಜನವರಿಯಲ್ಲೇ ಸೇರಿಸಿ ಪರೀಕ್ಷಿಸಿ. ಒಂದು ಅಂಕಿ ತಪ್ಪಿದರೂ ಹಣ ವಾಪಸ್ ಹೋಗಿ, ಮಾರ್ಚ್ 31 ದಾಟಿದರೆ ಕೈಗೆ ಸಿಗದೆಹೋಗಬಹುದು.

ಖರ್ಚಿನ ಲೆಕ್ಕವನ್ನು ಬಳಕೆ ಪ್ರಮಾಣಪತ್ರದ ಜೊತೆ ಕಳಿಸುವ ಮೊದಲು ಸೂಚನಾ ಫಲಕದಲ್ಲಿ ಹಾಕಿ, ಪಕ್ಕದಲ್ಲೇ ಜೂನ್‌ನ ಬಿಂದಿಯ ನಕ್ಷೆ ತೂಗುಹಾಕಿ. ಮುಗಿದ ಕೆಲಸದ ಮೇಲಿನ ಕೆಂಪು ಬಿಂದಿಯನ್ನು, ಅದನ್ನು ಅಂಟಿಸಿದ ಮಗುವೇ ಕಿತ್ತು ಹಸಿರು ಅಂಟಿಸಲಿ. ಉಳಿದ ಕೆಂಪುಗಳು ಮುಂದಿನ ಜೂನ್ ಸಭೆಯ ಮೊದಲ ವಿಷಯ.